ಮಲೆನಾಡಿಗೆ ಗಾಳಿಯ ಪಾಠ ಬೇಡವೇ?

ಸೊರಬದಲ್ಲೋ ಶಿಕಾರಿಪುರದಲ್ಲೋ ನಾಲ್ಕು ಜನ ಸೇರಿದ ಕಡೆ ‘ನಮ್ಮ ಕಟ್ಟಡಗಳ ಒಳಗಿನ ಗಾಳಿ ಕೆಟ್ಟಿದೆ, ಅದರಿಂದಲೇ ಕಾಯಿಲೆ ಹರಡುತ್ತಿದೆ’ ಎಂದು ಹೇಳಿ ನೋಡಿ. ಮೊದಲು ನಗು ಬರುತ್ತದೆ, ಹಿಂದೆಯೇ ಉತ್ತರ ಬರುತ್ತದೆ: ‘ಅದೆಲ್ಲ ದಿಲ್ಲಿ, ಬೆಂಗಳೂರಿನವರ ಪಾಡು ಮಾರಾಯ್ರೆ. ನಮ್ಮಲ್ಲಿ ಗಾಳಿಗೇನು ಬರವೇ?’

ಈ ಉತ್ತರ ಸುಮ್ಮನೆ ಹುಟ್ಟಿದ್ದಲ್ಲ. ಅತ್ತ ವರದಾ, ದಂಡಾವತಿ, ಇತ್ತ ಕುಮುದ್ವತಿ. ಗುಡವಿಯ ಹಕ್ಕಿಗಳು, ಚಂದ್ರಗುತ್ತಿಯ ಬೆಟ್ಟ, ಅಂಜನಾಪುರದ ನೀರು, ಕಣ್ಣು ಹಾಯಿಸಿದಲ್ಲಿ ಗದ್ದೆ, ತೋಟ. ಇಂಥ ಕಡೆ ಗಾಳಿಯ ಬಗ್ಗೆ ತಕರಾರು ಎತ್ತಿದವನು ಕೆಲಸವಿಲ್ಲದವನಂತೆ ಕಾಣುವುದು ಸಹಜ. ಈ ಮಾತನ್ನು ಹೇಳುವವರು ಓದದ ಜನ ಮಾತ್ರವಲ್ಲ. ಶಾಲೆಯ ನಕ್ಷೆ ಬರೆಯುವ ಎಂಜಿನಿಯರ್, ವಾರ್ಡಿನಲ್ಲಿ ಸುತ್ತು ಹಾಕುವ ವೈದ್ಯ, ಹಾಸ್ಟೆಲ್ ನೋಡಿಕೊಳ್ಳುವ ವಾರ್ಡನ್ ಎಲ್ಲರೂ ಇದನ್ನೇ ನಂಬಿದ್ದಾರೆ. ಈ ನಂಬಿಕೆ ತಪ್ಪು, ಅಪಾಯಕಾರಿ. ಜನರನ್ನು ಒಂದು ಸೂರಿನಡಿ ಸೇರಿಸುವವರು ಅವರಿಗೆ ಉಸಿರಾಡಲು ಶುದ್ಧ ಗಾಳಿಯನ್ನೂ ಕೊಡಬೇಕು ಎಂಬ ಹೊಣೆಯಿಂದ ನುಣುಚಿಕೊಳ್ಳಲು ಇದು ನೆಪವಾಗಿದೆ.

ಹೊರಗಿನ ಗಾಳಿ ಚೆನ್ನಾಗಿದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯೋಣ. ಅದು ತಾನಾಗಿ ಒಳಗೆ ಬರುತ್ತದೆ ಎಂದು ಯಾರು ಹೇಳಿದರು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚುತ್ತೇವೆ. ಮಳೆ ಹಿಂದೆಯೇ ಚಳಿ. ಸಂಜೆಯಾದರೆ ಸೊಳ್ಳೆ, ರಾತ್ರಿಯಾದರೆ ಕಳ್ಳರ ಭಯ. ಎಲ್ಲ ಕಳೆದು ನೋಡಿದರೆ ಕಿಟಕಿ ಧಾರಾಳವಾಗಿ ತೆರೆದಿರುವುದು ಬೇಸಿಗೆಯ ಹಗಲಿನಲ್ಲಿ ಮಾತ್ರ. ಉಳಿದ ಕಾಲವೆಲ್ಲ ನಮ್ಮ ಮಕ್ಕಳು, ರೋಗಿಗಳು, ಬಸ್ಸಿನ ಪ್ರಯಾಣಿಕರು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ ಕೂತಿರುತ್ತಾರೆ.

ಇದು ಅಲಂಕಾರದ ಮಾತಲ್ಲ, ಅಳೆಯಬಹುದಾದ ಸಂಗತಿ. ಬಯಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಪಾಲಿಗೆ ಸುಮಾರು 420 ಪಾಲು ಇರುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಅದು ಸುಮಾರು 40 ಸಾವಿರ ಪಾಲು. ಆದ್ದರಿಂದ ಕೋಣೆಯಲ್ಲಿ ಆ ಅನಿಲ ಎಷ್ಟು ಏರಿದೆ ಎಂದು ಅಳೆದರೆ, ಅಲ್ಲಿರುವ ಗಾಳಿಯಲ್ಲಿ ಈಗಾಗಲೇ ಯಾರೋ ಉಸಿರಾಡಿ ಬಿಟ್ಟದ್ದು ಎಷ್ಟು ಎಂಬ ಲೆಕ್ಕ ಸಿಗುತ್ತದೆ. ಮಾಪಕ 2,300 ತೋರಿಸಿದರೆ, ನಾವು ಎಳೆದುಕೊಳ್ಳುವ ಪ್ರತಿ 20 ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಇನ್ನೊಬ್ಬರ ಶ್ವಾಸಕೋಶದಿಂದ ಬಂದದ್ದು ಎಂದರ್ಥ. ಜನರಿರುವ ಕೋಣೆಯಲ್ಲಿ ಇದು 1,000 ಪಾಲು ದಾಟಬಾರದು ಎಂದು ಮ್ಯೂನಿಕ್‌ನ ಮ್ಯಾಕ್ಸ್ ಪೆಟೆನ್‌ಕೋಫರ್ 1858ರಲ್ಲೇ ಹೇಳಿದ್ದ. ಆ ಮಾಪಕ ಈಗ ಅಂಗೈಯಗಲ ಬಂದಿದೆ. ಇಡೀ ತಾಲ್ಲೂಕಿಗೆ ಒಂದಾದರೂ ಇದೆಯೇ ಎಂದು ಕೇಳಿದರೆ ಆ ಪ್ರಶ್ನೆಯೇ ಯಾರಿಗೂ ಅರ್ಥವಾಗುವುದಿಲ್ಲ.

ರೋಗ ಯಾವ ದಾರಿಯಲ್ಲಿ ಬರುತ್ತದೋ ಆ ದಾರಿಗೆ ಅಡ್ಡ ನಿಲ್ಲಬೇಕು ಎಂಬುದನ್ನು ಸೊರಬದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ತಾಲ್ಲೂಕಿನ ಒಂದು ಕಾಡಿನ ಹೆಸರು ಅಚ್ಚಾಗಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಹೊಸ ವೈರಸ್ಸನ್ನು ಪತ್ತೆ ಹಚ್ಚಿ, ಅದು ಉಣುಗಿನಿಂದ ಹರಡುತ್ತದೆ ಎಂದು ತೋರಿಸಿದರು. ಅಂದಿನಿಂದ ಮಂಗನ ಕಾಯಿಲೆಯ ಊರುಗಳಲ್ಲಿ ಕಾಡಿಗೆ ಹೋಗುವವರು ಕೈಕಾಲಿಗೆ ಎಣ್ಣೆ ಸವರಿಕೊಳ್ಳುತ್ತಾರೆ, ಮಂಗ ಸತ್ತ ಜಾಗಕ್ಕೆ ದನ ಹೊಡೆಯುವುದಿಲ್ಲ. ಉಣುಗು ಕಚ್ಚುವ ಕಾಯಿಲೆಗೆ ಸೋಪು ಹಾಕಿ ಕೈ ತೊಳೆಯಿರಿ ಎಂದು ಯಾವನಾದರೂ ಉಪದೇಶ ಮಾಡಿದರೆ ಊರವರು ಅವನನ್ನು ಕೂರಿಸಿ ಬುದ್ಧಿ ಹೇಳುತ್ತಾರೆ.

ಆದರೆ ಅದೇ ಊರವರು, ಉಸಿರಿನ ದಾರಿಯಲ್ಲಿ ಬರುವ ಕ್ಷಯ, ದಡಾರ, ಫ್ಲೂ, ಕೋವಿಡ್‌ಗಳ ವಿಷಯ ಬಂದಾಗ ಇಂಥದೇ ಉಪದೇಶವನ್ನು ತಲೆಬಾಗಿ ಒಪ್ಪಿಕೊಂಡರು. ಇನ್ನೂ ವಿಚಿತ್ರವೆಂದರೆ ಕ್ಯಾಸನೂರಿನ ವೈರಸ್ಸೇ ಗಾಳಿಯ ಪಾಠ ಕಲಿಸಿದೆ. ಕಾಡಿನಲ್ಲಿ ಉಣುಗು ಬೇಕು. ಆದರೆ ಪ್ರಯೋಗಾಲಯದಲ್ಲಿ ಅದರ ಜೊತೆ ಕೆಲಸ ಮಾಡಿದವರಿಗೆ ಉಣುಗು ಕಚ್ಚದೆಯೂ ಸೋಂಕು ತಗುಲಿತು. ಮುಚ್ಚಿದ ಕೋಣೆಯಲ್ಲಿ ತುಂತುರಾಗಿ ಗಾಳಿಗೆ ಸೇರಿದರೆ ಆ ವೈರಸ್ ಉಸಿರಿನೊಂದಿಗೆ ಒಳಹೋಗಬಲ್ಲದು. ಅದಕ್ಕೇ ಇಂದು ಅದನ್ನು ಮುಟ್ಟುವ ಪ್ರಯೋಗಾಲಯಗಳಲ್ಲಿ ಗಾಳಿ ಹೊರಗಿನಿಂದ ಒಳಕ್ಕೆ ಮಾತ್ರ ಹರಿಯುವಂತೆ ಒತ್ತಡ ಇಳಿಸಿ, ಹೊರಹೋಗುವ ಗಾಳಿಯನ್ನು ಸೋಸಿ ಬಿಡುತ್ತಾರೆ. ವಿಜ್ಞಾನಿಗಳ ಕೋಣೆಗೆ ಗಾಳಿಯ ಲೆಕ್ಕ ಬೇಕು, ಕ್ಷಯದ ರೋಗಿ ಕೆಮ್ಮುತ್ತ ಕೂರುವ ಹೊರರೋಗಿ ವಿಭಾಗಕ್ಕೆ ಬೇಡ. ಇದು ಯಾವ ನ್ಯಾಯ?

ತಪ್ಪು ನಮ್ಮೂರಿನಲ್ಲಿ ಮಾತ್ರ ಹುಟ್ಟಲಿಲ್ಲ ಎಂಬುದನ್ನೂ ಹೇಳಬೇಕು. ಕೆಮ್ಮಿದಾಗ ಹೊರಬೀಳುವ ಸಣ್ಣ ಹನಿಗಳು ನೆಲಕ್ಕೆ ಬೀಳುವ ಮೊದಲೇ ಒಣಗಿ ಗಾಳಿಯಲ್ಲಿ ತೇಲುತ್ತವೆ ಎಂದು ಅಮೆರಿಕದ ವಿಲಿಯಂ ವೆಲ್ಸ್ 1934ರಲ್ಲೇ ಬರೆದ. 1950ರ ದಶಕದಲ್ಲಿ ಅವನೂ ರಿಚರ್ಡ್ ರೈಲಿಯೂ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರ ಕ್ಷಯ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಸಾಗಿಸಿ ಗಿನಿಯಿಲಿಗಳ ಗೂಡಿಗೆ ಬಿಟ್ಟರು. ಇಲಿಗಳು ರೋಗಿಯನ್ನು ಮುಟ್ಟಲಿಲ್ಲ, ನೋಡಲೂ ಇಲ್ಲ. ಆದರೂ ಅವುಗಳಿಗೆ ಕ್ಷಯ ಬಂತು. ಇಷ್ಟಾದರೂ ವೈದ್ಯಲೋಕ ‘5 ಮೈಕ್ರಾನ್‌ಗಿಂತ ದೊಡ್ಡ ಹನಿ ತೇಲುವುದಿಲ್ಲ, ಮೂರು ಅಡಿ ದೂರವಿದ್ದರೆ ಸಾಕು’ ಎಂಬ ಸೂತ್ರಕ್ಕೆ ಜೋತುಬಿತ್ತು. ಕ್ಷಯದ ಕಣ ಶ್ವಾಸಕೋಶದ ತಳ ಮುಟ್ಟಲು ಎಷ್ಟು ಸಣ್ಣದಿರಬೇಕು ಎಂಬ ಅಳತೆಯನ್ನು, ಗಾಳಿಯಲ್ಲಿ ತೇಲಲು ಎಷ್ಟು ಸಣ್ಣದಿರಬೇಕು ಎಂಬ ಅಳತೆಯೆಂದು ತಪ್ಪಾಗಿ ಓದಿಕೊಂಡ ಫಲ ಅದು. ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಕಣಗಳೂ ಉಸಿರಿಗೆ ಸಿಗುವಷ್ಟು ಹೊತ್ತು ತೇಲುತ್ತವೆ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ‘ಕೋವಿಡ್ ಗಾಳಿಯಿಂದ ಹರಡುವುದಿಲ್ಲ’ ಎಂದು ಜಗತ್ತಿಗೆ ಸಾರಿತು. ಇಂಥ ರೋಗಗಳು ಗಾಳಿಯ ಮೂಲಕ ಹರಡುತ್ತವೆ ಎಂದು ನೇರ ಮಾತಿನಲ್ಲಿ ಹೇಳುವ ಹೊಸ ಪರಿಭಾಷೆಗೆ ಅದು ಬಂದು ಮುಟ್ಟಿದ್ದು 2024ರ ಏಪ್ರಿಲ್‌ನಲ್ಲಿ.

ಈ ನಡುವೆ ನಾವೇನು ಮಾಡಿದೆವು? ಬೀದಿಗೆ ಬ್ಲೀಚಿಂಗ್ ಸಿಂಪಡಿಸಿದೆವು. ದೇಶದ ಕೆಲವೆಡೆ ಮನುಷ್ಯರ ಮೇಲೇ ಸಿಂಪಡಿಸಿದರು. ಹಾಗೆ ಮಾಡಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್ 18ರಂದು ಸುತ್ತೋಲೆ ಹೊರಡಿಸಬೇಕಾಯಿತು. ಪೆಡಲ್ ತುಳಿದರೆ ಸ್ಯಾನಿಟೈಸರ್ ಸುರಿಯುವ ಸ್ಟ್ಯಾಂಡುಗಳನ್ನು ಕಚೇರಿಗಳ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಕಿಟಕಿ ಹಾಕಿ ಕೂತೆವು. ವೈರಸ್ ಅಂಟಿದ ವಸ್ತು ಮುಟ್ಟಿ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10 ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಮರುತಿಂಗಳು ನಮ್ಮದೇ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರ ಕೆ. ವಿಜಯರಾಘವನ್ ಅವರ ಕಚೇರಿ, ಸಣ್ಣ ಕಣಗಳು 10 ಮೀಟರ್‌ವರೆಗೂ ತೇಲಬಲ್ಲವು, ಕಿಟಕಿ ಬಾಗಿಲು ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ ಎಂದು ಚಿತ್ರ ಸಮೇತ ಸಲಹೆ ಕೊಟ್ಟಿತು. ಅಷ್ಟು ಸರಳವಾದ ಒಳ್ಳೆಯ ಸಲಹೆ ಎರಡನೇ ಅಲೆಯ ಗದ್ದಲದಲ್ಲಿ ಕಳೆದುಹೋಯಿತು. ಅಲೆ ಇಳಿದ ಮೇಲೆ ಅದನ್ನು ಹುಡುಕಿ ಹೊರತೆಗೆಯುವ ಗೋಜಿಗೆ ಯಾರೂ ಹೋಗಲಿಲ್ಲ.

ಈಗ ಎದುರುವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳೋಣ.

‘ಥಂಡಿ ಗಾಳಿ ತಗುಲಿದರೆ ಕಾಯಿಲೆ ಬರುತ್ತದೆ’ ಎಂಬುದು ಮೊದಲನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು. ಹೆರಿಗೆಯಾದ ಮನೆ, ಜ್ವರ ಬಂದ ಮಗು, ವಯಸ್ಸಾದ ಅಜ್ಜ ಎಂದರೆ ಮೊದಲು ಕಿಟಕಿ ಹಾಕುವುದು ನಮ್ಮ ರೂಢಿ. ಮಳೆಗಾಲದಲ್ಲಿ ಶೀತ, ಜ್ವರ ಹೆಚ್ಚುತ್ತವೆ ಎಂಬ ಅನುಭವ ಸುಳ್ಳಲ್ಲ. ಆದರೆ ಹೊರಗೆ ಬೀಸಿದ ಗಾಳಿಯ ಮೇಲೆ ತಪ್ಪು ಹೊರಿಸುವಾಗ, ಅದಕ್ಕೆ ಹೆದರಿ ಬಾಗಿಲು ಹಾಕಿಕೊಂಡು ಹತ್ತು ಜನ ಒಂದೇ ಕೋಣೆಯಲ್ಲಿ ಕೂತದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಥಂಡಿಯ ಜೊತೆ ವೈರಸ್ ಬರುವುದಿಲ್ಲ; ಅದು ಪಕ್ಕದಲ್ಲಿ ಕೂತವರ ಉಸಿರಿನಿಂದ ಬರುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ರೋಗಿಗಳ ಆರೈಕೆಯ ಬಗ್ಗೆ ಬರೆದ ಪುಸ್ತಕದಲ್ಲಿ ಮೊದಲ ನಿಯಮವಾಗಿ ಇಟ್ಟದ್ದು ಇದನ್ನೇ: ರೋಗಿಗೆ ಚಳಿಯಾಗದಂತೆ ನೋಡಿಕೊಂಡು, ಒಳಗಿನ ಗಾಳಿಯನ್ನು ಹೊರಗಿನ ಗಾಳಿಯಷ್ಟೇ ಶುದ್ಧವಾಗಿಡಬೇಕು. ಮೈಗೆ ಕಂಬಳಿ, ಕೋಣೆಗೆ ಗಾಳಿ; ಎರಡಕ್ಕೂ ಜಗಳವಿಲ್ಲ. ಔಷಧ ಇಲ್ಲದ ಕಾಲದ ಕ್ಷಯದ ಆರೋಗ್ಯಧಾಮಗಳಲ್ಲಿ ರೋಗಿಗಳು ತೆರೆದ ವರಾಂಡದಲ್ಲೇ ಮಲಗುತ್ತಿದ್ದರು. ಆ ಗಾಳಿ ಅವರನ್ನು ಗುಣಪಡಿಸಿತು ಎಂದು ನಾನು ಹೇಳುವುದಿಲ್ಲ. ಆದರೆ ತೆರೆದ ಗಾಳಿಯೇ ರೋಗಿಗೆ ಕಂಟಕ ಎಂಬ ಹೆದರಿಕೆಗೆ ವೈದ್ಯಶಾಸ್ತ್ರದ ಬೆಂಬಲ ಆಗಲೂ ಇರಲಿಲ್ಲ.

ಎರಡನೆಯದು, ‘ನಮ್ಮ ಹಿರಿಯರ ಮನೆಗಳಲ್ಲಿ ಇದೆಲ್ಲ ಇತ್ತು’ ಎಂಬ ಹೆಮ್ಮೆ. ಅರ್ಧ ಸತ್ಯ. ಹೆಂಚಿನ ಮಾಡಿನ ಸಂದಿಯಲ್ಲಿ ಬಿಸಿಗಾಳಿ ಮೇಲೇರಿ ಹೊರಹೋಗುತ್ತಿತ್ತು, ಜಗುಲಿ ಬಯಲಿಗೆ ತೆರೆದಿತ್ತು, ಬಂದವರು ಅಲ್ಲೇ ಕೂತು ಎದ್ದು ಹೋಗುತ್ತಿದ್ದರು. ಆದರೆ ಅದೇ ಮನೆಯ ಅಡುಗೆಕೋಣೆ ಕತ್ತಲ ಗೂಡು. ಹೆಂಗಸರು ಹೊಗೆ ಕುಡಿದು ಕೆಮ್ಮುತ್ತ ಆಯಸ್ಸು ಸವೆಸಿದರು. ಹಿರಿಯರು ಗಾಳಿಯನ್ನು ಬಲ್ಲವರಾಗಿ ಕಟ್ಟಿದರು ಎನ್ನುವುದಕ್ಕಿಂತ ಅವರ ಸಾಮಗ್ರಿಯಲ್ಲಿ ಸಂದಿಗಳಿದ್ದವು ಎನ್ನುವುದೇ ಸರಿ. ಈಗ ಆ ಸಂದಿಗಳೂ ಇಲ್ಲ. ತಾರಸಿ ಮನೆ ಬಂತು, ಮೇಲಿನ ಗವಾಕ್ಷಿ ಹೋಯಿತು, ಎರಡು ಬಾಗಿಲ ಕಿಟಕಿ ಹೋಗಿ ಸರಿಯುವ ಗಾಜಿನ ಕಿಟಕಿ ಬಂತು. ಸರಿಯುವ ಕಿಟಕಿಯ ಒಂದು ಹಲಗೆ ಇನ್ನೊಂದರ ಹಿಂದೆ ಹೋಗುವುದರಿಂದ ನಕ್ಷೆಯಲ್ಲಿ ಕಿಟಕಿ ಎಂದು ತೋರಿಸಿದ್ದರಲ್ಲಿ ಅರ್ಧ ಎಂದಿಗೂ ತೆರೆಯುವುದಿಲ್ಲ.

ಕಟ್ಟಡದ ವಿಷಯದಲ್ಲಿ ಈ ಎರಡು ತಾಲ್ಲೂಕುಗಳು ಬಡವಾಗಿವೆ ಎಂದು ಯಾರೂ ಹೇಳಲಾರರು. ಸೊರಬದ ಕುಬಟೂರು ಎಸ್. ಬಂಗಾರಪ್ಪ ಅವರನ್ನು ಕೊಟ್ಟಿತು. 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದ ಅವರ ಕಾಲದಲ್ಲೇ ಬಡವರಿಗೆ ಮನೆ ಕೊಡುವ ಆಶ್ರಯ ಯೋಜನೆ ಬಂತು. ಶಿಕಾರಿಪುರ ಬಿ.ಎಸ್. ಯಡಿಯೂರಪ್ಪ ಅವರನ್ನು ವಿಧಾನಸೌಧಕ್ಕೆ ಕಳಿಸಿತು. ಕೋವಿಡ್ ಬಂದಾಗ ಅವರೇ ಮುಖ್ಯಮಂತ್ರಿ, ಅವರಿಗೇ ಎರಡು ಬಾರಿ ಸೋಂಕು ತಗುಲಿತು. ಮನೆ, ಆಸ್ಪತ್ರೆ, ಹಾಸ್ಟೆಲ್, ಕಚೇರಿಗಳು ಎದ್ದವು. ಅದು ಸಣ್ಣ ಸಾಧನೆಯಲ್ಲ. ಆದರೆ ಸೂರು ಎಣಿಸಿದ ಯಾವ ಸರ್ಕಾರವೂ ಕಿಟಕಿ ಎಣಿಸಲಿಲ್ಲ. ಬಿಸಿ ಮತ್ತು ತೇವದ ಹವೆಯಲ್ಲಿ ನೆಲದ ವಿಸ್ತೀರ್ಣದ ಆರನೇ ಒಂದು ಪಾಲು, ಮಧ್ಯಮ ಹವೆಯಲ್ಲಿ ಎಂಟನೇ ಒಂದು ಪಾಲು ಕಿಟಕಿ ಇರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆ ಪುಸ್ತಕ ಎಂಜಿನಿಯರ್‌ಗಳ ಕಪಾಟಿನಲ್ಲಿದೆ. ಕಪಾಟಿಗೂ ಬಾಗಿಲು ಹಾಕಿದೆ.

ಮೂರನೆಯದು ಫ್ಯಾನಿನ ಭ್ರಮೆ. ‘ಒಳ್ಳೆ ಗಾಳಿ ಬರುತ್ತೆ, ನಾಲ್ಕು ಫ್ಯಾನು ಹಾಕ್ಸಿದೀವಿ’ ಎಂದು ಶಾಲೆಯವರು, ಕಲ್ಯಾಣ ಮಂಟಪದವರು ಹೇಳುತ್ತಾರೆ. ಫ್ಯಾನು ಹೊಸ ಗಾಳಿ ತರುವುದಿಲ್ಲ, ಇದ್ದದ್ದನ್ನೇ ಕಲಕುತ್ತದೆ. ಗೋಡೆಗೆ ನೇತುಹಾಕುವ ಎಸಿಯೂ ಅಷ್ಟೆ: ಒಳಗಿನದನ್ನೇ ಎಳೆದು, ತಣ್ಣಗೆ ಮಾಡಿ, ಒಳಗೇ ಬಿಡುತ್ತದೆ. ಎಸಿ ಹಾಕಿದ ಮೇಲೆ ‘ತಂಪು ಹೋಗುತ್ತೆ’ ಎಂದು ಇದ್ದ ಕಿಟಕಿಯನ್ನೂ ಬಿಗಿಯುವುದರಿಂದ ಮೊದಲಿಗಿಂತ ಕೆಟ್ಟ ಸ್ಥಿತಿ. 2020ರ ಜನವರಿ 24ರಂದು ಚೀನಾದ ಗ್ವಾಂಗ್‌ಝೌ ನಗರದ ಕಿಟಕಿಯಿಲ್ಲದ ಹೋಟೆಲೊಂದರಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟ ಮಾಡಿದ ಮೂರು ಕುಟುಂಬಗಳ 10 ಜನರಿಗೆ ಕೋವಿಡ್ ಬಂತು. ಎಸಿಯ ಗಾಳಿ ಆ ಮೇಜುಗಳ ನಡುವೆಯೇ ಸುತ್ತುತ್ತಿತ್ತು. ಮದುವೆ ಸೀಸನ್ನಿನಲ್ಲಿ ನಮ್ಮ ಎಸಿ ಹಾಲ್‌ಗಳ ಊಟದ ಪಂಕ್ತಿಗಳನ್ನು ನೆನೆದರೆ ಗ್ವಾಂಗ್‌ಝೌ ಬಹಳ ದೂರದ ಊರಲ್ಲ. ಲಾಕ್‌ಡೌನಿನಲ್ಲಿ ಬಯಲಿನಲ್ಲಿ ನಿಂತವರನ್ನು ಪೊಲೀಸರು ಅಟ್ಟಿ ಮನೆಯೊಳಗೆ ಕೂಡಿಹಾಕಿದ್ದನ್ನು ಕಂಡವರಿಗೆ, ಬಯಲು ಅಪಾಯ, ಒಳಗು ಸುರಕ್ಷಿತ ಎಂಬ ತಲೆಕೆಳಗು ತಿಳುವಳಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಗೊತ್ತು.

ನಾಲ್ಕನೆಯ ವಾದ ಆಸ್ಪತ್ರೆಯವರದು: ‘ಸೋಂಕು ತಡೆಯಲು ದೊಡ್ಡ ಯಂತ್ರ ಬೇಕು, ಅದು ತಾಲ್ಲೂಕು ಮಟ್ಟಕ್ಕೆ ಬರುವ ಮಾತಲ್ಲ.’ ಪೆರುವಿನ ಲಿಮಾ ನಗರದ ಎಂಟು ಆಸ್ಪತ್ರೆಗಳ 70 ಕೋಣೆಗಳನ್ನು ಅಳೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ನೇರ ಉತ್ತರ ಕೊಡುತ್ತದೆ. 1950ಕ್ಕೆ ಮೊದಲು ಕಟ್ಟಿದ, ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ವಾರ್ಡುಗಳಲ್ಲಿ ಕಿಟಕಿ ತೆರೆದಾಗ ಗಾಳಿ ಗಂಟೆಗೆ 40 ಬಾರಿ ಬದಲಾಗುತ್ತಿತ್ತು. ಯಂತ್ರ ಅಳವಡಿಸಿದ ಕೋಣೆಗಳಲ್ಲಿ 12 ಬಾರಿ. ಕ್ಷಯ ರೋಗಿಗಳ ಜೊತೆ 24 ಗಂಟೆ ಇದ್ದರೆ ಸೋಂಕು ತಗಲುವ ಅಂದಾಜು, ಯಂತ್ರದ ಕೋಣೆಯಲ್ಲಿ ನೂರಕ್ಕೆ 39, ಹಳೆಯ ವಾರ್ಡಿನಲ್ಲಿ ನೂರಕ್ಕೆ 11. ಹಣವಿಲ್ಲದ ಆಸ್ಪತ್ರೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ? ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ 2010ರಲ್ಲೇ ಗಾಳಿಯ ಮೂಲಕ ಹರಡುವ ಸೋಂಕಿನ ನಿಯಂತ್ರಣಕ್ಕೆ ಮಾರ್ಗಸೂಚಿ ತಂದಿದೆ. 2025ಕ್ಕೆ ಕ್ಷಯವನ್ನು ಮುಗಿಸುತ್ತೇವೆ ಎಂದು ಗುರಿ ಇಟ್ಟುಕೊಂಡ ದೇಶ ಕಫ ಪರೀಕ್ಷೆಗೆ, ಮಾತ್ರೆಗೆ, ಪೌಷ್ಟಿಕ ಆಹಾರಕ್ಕೆ ಹಣ ಕೊಟ್ಟಿತು, ಸರಿ. ಆದರೆ ರೋಗ ಪತ್ತೆಯಾಗುವ ಮೊದಲು ಆ ರೋಗಿ ಗಂಟೆಗಟ್ಟಲೆ ಕಾಯುವ ಕೋಣೆಯ ಕಿಟಕಿಗೆ ಹಳೆಯ ಫೈಲುಗಳ ಕಪಾಟು ಅಡ್ಡ ಇಟ್ಟರೆ ಮಾತ್ರೆ ಎಷ್ಟೆಂದು ದುಡಿಯಬೇಕು?

ಇದನ್ನು ಓದಿ ಯಾರೂ ಕ್ಷಯದವರನ್ನು ಮನೆಯಿಂದ ಹೊರಗಿಡಬಾರದು. 1950ರ ದಶಕದ ಕೊನೆಗೆ ಮದರಾಸಿನಲ್ಲಿ ನಡೆದ ಪ್ರಸಿದ್ಧ ಪ್ರಯೋಗ, ಮನೆಯಲ್ಲೇ ಚಿಕಿತ್ಸೆ ಪಡೆದ ರೋಗಿಗಳಿಂದ ಮನೆಯವರಿಗೆ ಆರೋಗ್ಯಧಾಮಕ್ಕೆ ಕಳಿಸಿದವರಿಗಿಂತ ಹೆಚ್ಚಿನ ಅಪಾಯವೇನೂ ಇಲ್ಲ ಎಂದು ತೋರಿಸಿತು. ಔಷಧ ಶುರುವಾಗಿ ಕೆಲಸ ಮಾಡತೊಡಗಿದರೆ ರೋಗಿಯಿಂದ ಹರಡುವುದು ಬೇಗ ಇಳಿಯುತ್ತದೆ. ಅಪಾಯ ಇರುವುದು ಇನ್ನೂ ಗುರುತಾಗದ ಕೆಮ್ಮಿನಲ್ಲಿ. ಯಾರ ಕೆಮ್ಮು ಅದು ಎಂದು ಗೊತ್ತಿಲ್ಲದಿದ್ದಾಗ ಮನುಷ್ಯರನ್ನು ಶಂಕಿಸುವುದಕ್ಕಿಂತ ಕೋಣೆಯನ್ನು ಸರಿಮಾಡುವುದು ಮಾನವಂತರ ದಾರಿ.

ಇನ್ನು ಖರ್ಚಿನ ಮಾತು. 20 ಅಡಿ ಉದ್ದ, 20 ಅಡಿ ಅಗಲ, 11 ಅಡಿ ಎತ್ತರದ ತರಗತಿಯಲ್ಲಿ ಟೀಚರ್ ಸೇರಿ 40 ಜನ ಇದ್ದಾರೆ ಎಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದಂತೆ ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಕೊಡಬೇಕಾದರೆ ಆ ಕೋಣೆಯ ಗಾಳಿ ಗಂಟೆಗೆ ಸುಮಾರು 12 ಬಾರಿ ಬದಲಾಗಬೇಕು. ಆಗ ಒಬ್ಬರು ಕೆಮ್ಮಿದ್ದರಲ್ಲಿ ನೂರಕ್ಕೆ 99 ಪಾಲು 23 ನಿಮಿಷದಲ್ಲಿ ಹೊರಹೋಗುತ್ತದೆ. ಗಂಟೆಗೆ ಎರಡೇ ಬಾರಿ ಬದಲಾದರೆ ಅದೇ ಕೆಲಸಕ್ಕೆ 2 ಗಂಟೆ 18 ನಿಮಿಷ ಬೇಕು. 12 ಬಾರಿ ಬದಲಾಯಿಸಲು ರಾಕೆಟ್ ಬೇಕಿಲ್ಲ. ಎದುರುಬದುರು ಗೋಡೆಯಲ್ಲಿ ಪೂರ್ತಿ ತೆರೆಯುವ ಕಿಟಕಿ, ಎರಚಲು ಒಳಬರದಂತೆ ಅಗಲವಾದ ಸಜ್ಜೆ, ಮಳೆಯಲ್ಲೂ ಮುಚ್ಚಬೇಕಿಲ್ಲದ ಎತ್ತರದ ಓರೆಪಟ್ಟಿಯ ಗವಾಕ್ಷಿ, ಗಾಳಿ ಬೀಸದ ದಿನಕ್ಕೆ ಎಕ್ಸಾಸ್ಟ್ ಫ್ಯಾನ್ ಇದ್ದರೆ ಬಹುಪಾಲು ಮುಗಿಯಿತು. ಡೆಂಗಿಯ ಹೆದರಿಕೆ ನಿಜ. ಅದಕ್ಕೆ ಸೊಳ್ಳೆ ಜಾಲರಿ ಹಾಕಿ, ಆದರೆ ಧೂಳು ಕೂತು ಗೋಡೆಯಾದ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ. ಹೊರರೋಗಿಗಳ ಸಾಲನ್ನು ಒಳಗಿನಿಂದ ಜಗುಲಿಗೆ ತನ್ನಿ. ಬಸ್ಸಿನ ಶಟರನ್ನು ಮಳೆಯಲ್ಲೂ ನಾಲ್ಕು ಬೆರಳು ಎತ್ತಿಡಿ. ಇದರಲ್ಲಿ ಯಾವುದಕ್ಕೂ ವಿಶ್ವಬ್ಯಾಂಕಿನ ಸಾಲ ಬೇಡ.

ಹಾಗಿದ್ದರೆ ಏಕೆ ಆಗುತ್ತಿಲ್ಲ? ಏಕೆಂದರೆ ಕಾಯಿಲೆ ಬಿದ್ದವನದೇ ತಪ್ಪು ಎಂಬ ಮಾತು ಎಲ್ಲರಿಗೂ ಅನುಕೂಲ. ಕಷಾಯ ಕುಡಿಯಲಿಲ್ಲ, ಕೈ ತೊಳೆಯಲಿಲ್ಲ, ಇಮ್ಯುನಿಟಿ ಕಡಿಮೆ. ಕುಡಿಯುವ ನೀರು ಕೆಟ್ಟು ಊರಿಗೆ ವಾಂತಿಭೇದಿ ಬಂದರೆ ನಾವು ಹೊಟ್ಟೆಯನ್ನು ಬೈಯುವುದಿಲ್ಲ, ಪಂಚಾಯಿತಿಯನ್ನು ಕೇಳುತ್ತೇವೆ. ಗಾಳಿಗೆ ಮಾತ್ರ ಹೊಣೆಗಾರರೇ ಇಲ್ಲ. ಹೊಣೆ ಯಾರದೆಂದು ತಿಳಿಯದ ಕಾಲವೂ ಇದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವನ್ನು 1162ರ ಶಾಸನ ವಿದ್ಯೆ ಕಲಿಸುವ, ಹಸಿದವರಿಗೆ ಉಣಿಸುವ, ಅನಾಥ ರೋಗಿಗಳಿಗೆ ಮದ್ದು ಕೊಡುವ ಜಾಗವೆಂದು ಬಣ್ಣಿಸುತ್ತದೆ. ಜನರನ್ನು ಕರೆದು ಸೇರಿಸಿಕೊಂಡ ಮೇಲೆ ಅವರ ಆರೋಗ್ಯವೂ ಕರೆದವರದೇ ಎಂಬ ತಿಳುವಳಿಕೆ ಈ ನೆಲದಲ್ಲಿ ಅಷ್ಟು ಹಳೆಯದು. ಮೇಲಿನವರಿಗೂ ವಿಷಯ ಗೊತ್ತು. 2021ರ ಜುಲೈನಲ್ಲಿ ಸಂಸತ್ತಿನ ಸಭಾಂಗಣಗಳ ಗಾಳಿಯಲ್ಲಿ ವೈರಸ್ ಕೊಲ್ಲಲು ನೇರಳಾತೀತ ದೀಪದ ವ್ಯವಸ್ಥೆ ಮಾಡುವುದಾಗಿ ಕೇಂದ್ರ ಸಚಿವರೇ ಪ್ರಕಟಿಸಿದರು. ಸಂಸದರ ಉಸಿರಿಗೆ ಇರುವ ಬೆಲೆ ಅಂಗನವಾಡಿಯ ಮಗುವಿನ ಉಸಿರಿಗೂ ಇರಬೇಕಲ್ಲವೇ?

ಕೇಳಬೇಕಾದದ್ದು ದೊಡ್ಡದೇನಲ್ಲ. ಪ್ರತಿ ಸರ್ಕಾರಿ ಶಾಲೆ, ಹಾಸ್ಟೆಲ್, ಆಸ್ಪತ್ರೆಯಲ್ಲಿ ಮಳೆಗಾಲದ ಒಂದು ತುಂಬಿದ ದಿನ ಇಂಗಾಲದ ಡೈಆಕ್ಸೈಡ್ ಅಳೆದು, ಆ ಅಂಕಿಯನ್ನು ಬಿಸಿಯೂಟದ ಪಟ್ಟಿಯ ಪಕ್ಕ ಬರೆದು ಹಾಕಬೇಕು. ಗ್ರಾಮಸಭೆಯಲ್ಲಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಅದನ್ನು ಓದಿ ಹೇಳಬೇಕು. ಹೊಸ ಕಟ್ಟಡದ ನಕ್ಷೆಯಲ್ಲಿ ಗಾಜು ಎಷ್ಟಿದೆ ಎಂದು ಬಿಟ್ಟು ತೆರೆಯುವ ಜಾಗ ಎಷ್ಟಿದೆ ಎಂದು ಲೋಕೋಪಯೋಗಿ ಇಲಾಖೆ ಬರೆಯಬೇಕು. ಟೇಪು ಕತ್ತರಿಸಲು ಬರುವ ಗಣ್ಯರು ಮೊದಲು ಒಂದೊಂದೇ ಕಿಟಕಿ ತೆಗೆದು ತೋರಿಸಲಿ. ತೆರೆಯದ ಕಿಟಕಿ ಇರುವ ಕಟ್ಟಡ ಇನ್ನೂ ಮುಗಿದಿಲ್ಲ ಎಂದು ಬರೆಯಿರಿ, ಗುತ್ತಿಗೆದಾರರ ಕೊನೆಯ ಬಿಲ್ಲನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.